ನನಗೂ ಹಾಗೇ

ದಾಂಡೇಲಿ
ತಾ. 3-3-1980

ಅಗ್ನೆಸಕ್ಕನಿಗೆ ನಸೀರಾಳ ಸಲಾಮು.

ಕ್ಷೇಮವಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಅದನ್ನು ಆಮೇಲೆ ಬರೆಯುತ್ತೇನೆ, ಮೊದಲು ಉಳಿದದ್ದು ಕೇಳಿ.

ಬೊಂಬಾಯಿಯಿಂದ ಬಂದು ತಿಂಗಳಾಯಿತು. ಆಸ್ಪತ್ರೆಯಲ್ಲಿ ಮೊದಲ ದಿನ ನರ್ಸಮ್ಮ ನಿಮ್ಮ ಮೈಬಣ್ಣ, ಗುಂಗುರು ಕೂದಲು ನೋಡಿ ಆಫ್ರಿಕಾದಿಂದ ಬಂದವರೆಂದು ಇಂಗ್ಲಿಷಿನಲ್ಲಿ ಮಾತಾಡಿಸಿದಳಲ್ಲ. ನೀವು "ಯವ್ವಾ, ನಾ ಹಳಿಯಾಳ ಕಡೆ ಸಿದ್ದಿ ಹೆಣಮಗಳ ರೀ, ಬೈಯೂದಿದ್ರ ಕನ್ನಡದಾಗ ಬೈಯ್ರಿ" ಅಂದದ್ದು ನೆನೆಸಿಕೊಂಡು ಈಗಲೂ ಒಬ್ಬಳೇ ನಗುತ್ತೇನೆ. ನಕ್ಕರೆ ಹೊಲಿಗೆ ಎಳೆಯುತ್ತದೆ. ಪಕ್ಕದ ಮಂಚದಲ್ಲಿ ನೀವು ಇರದಿದ್ದರೆ ನಾನು ಹೆದರಿ ಊರಿಗೆ ಓಡಿಬರುತ್ತಿದ್ದೆ. ಒಂದೇ ದಿನ, ಒಬ್ಬರೇ ಡಾಕ್ಟರು ನಮ್ಮಿಬ್ಬರ ಕರುಳನ್ನೂ ಒಂದೇ ಅಳತೆಗೆ ಗಿಡ್ಡ ಮಾಡಿ ಜೋಡಿಸಿದರು. ಉಂಡದ್ದು ಮೈಗೆ ಹತ್ತದೆ ಹೋಗಬೇಕು, ಹಾಗೆ ತೂಕ ಇಳಿಯಬೇಕು ಎಂದು ತಿಳಿಸಿ ಹೇಳಿದ್ದರು. ಹೋಗುವುದೇನೋ ಚೆನ್ನಾಗಿಯೇ ಹೋಗುತ್ತಿದೆ. ಉಂಡು ಕೈ ತೊಳೆಯುವಷ್ಟರಲ್ಲಿ ಹಿತ್ತಿಲಿಗೆ ಓಡಬೇಕು. ಕಾಲಿನಲ್ಲಿ ಶಕ್ತಿಯೇ ಇಲ್ಲ. ಆದರೆ ಕುಪ್ಪಸಗಳನ್ನೆಲ್ಲ ಎರಡೂ ಪಕ್ಕ ಒಳಗೆ ಹಿಡಿದು ಹೊಲಿಸಿಕೊಂಡಿದ್ದೇನೆ. ಕನ್ನಡಿ ಮುಂದೆ ನಿಂತರೆ ನನಗೇ ನಾಚಿಕೆ.

ಅತ್ತೆಗೆ ಇದು ಪಿತ್ತದ ಹರಳಿನ ಆಪರೇಷನ್ ಎಂದಷ್ಟೇ ಗೊತ್ತು. ದಪ್ಪ ಇಳಿಸಲು ಹೊಟ್ಟೆ ಕೊಯ್ಸಿಕೊಂಡಳು ಎಂದರೆ ಓಣಿ ತುಂಬ ನಗೆ. ನಿಜ ಗೊತ್ತಿರುವುದು ನನ್ನ ಗಂಡನಿಗೆ ಮತ್ತು ನನಗೆ ಮಾತ್ರ. ಯಾಕೆ ಮಾಡಿಸಿಕೊಂಡೆ ಎಂದು ನಿಮಗೆ ಹೇಳಿದ್ದೇನೆ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಮೈ ಇಳಿದರೆ ಬಸಿರು ನಿಲ್ಲಬಹುದು ಎಂದು ಹುಬ್ಬಳ್ಳಿಯ ಡಾಕ್ಟರಮ್ಮ ಹೇಳಿದ್ದರು. ಅತ್ತೆ ಹಳಿಯಾಳದಲ್ಲಿ ಒಂದು ಹುಡುಗಿ ನೋಡಿಟ್ಟಿದ್ದಾರೆ. ಬಕ್ರೀದಿನವರೆಗೆ ಕಾಯುತ್ತಾರಂತೆ, ಆಮೇಲೆ ನನ್ನ ಗಂಡನಿಗೆ ಇನ್ನೊಂದು ನಿಕಾಹ್. ಶೌಕತ ಬೇಡ ಅನ್ನುತ್ತಾರೆ. ಆದರೆ ತಾಯಿ ಅತ್ತರೆ ಅವರ ಬಾಯಿ ಕಟ್ಟುತ್ತದೆ.

ಅಕ್ಕಾ, ಈ ಸುಸ್ತು, ಈ ಓಡಾಟ ನಿಮಗೂ ಹೀಗೇ ಇದೆಯೇ? ಇದೆ ಎಂದು ಬರೆದರೆ ನನಗೆ ಧೈರ್ಯ ಬರುತ್ತದೆ.

ಹಾಂ, ಕ್ಷೇಮವಾಗಿದ್ದೇನೆ.

ನಸೀರಾ


ಮುಂಡಗೋಡ
ತಾ. 16-3-1980

ತಂಗಿ ನಸೀರಾ,

ನಿನ್ನ ಕಾಗದವನ್ನು ಬೋರ್ಡಿಂಗಿನ ಅಡಿಗೆಮನೆಯಲ್ಲಿ ಕುಳಿತು ಓದಿದೆ. ಒಲೆಯ ಮೇಲಿನ ಸಾರು ಉಕ್ಕಿ ಹೋಯಿತು. ಹುಡುಗಿಯರು ಇವತ್ತು ನೀರು ಸಾರು ಉಂಡರು, ಪಾಪ ನಿನ್ನ ತಲೆಗೆ.

ಧೈರ್ಯ ಬೇಕೆಂದೆಯಲ್ಲ, ತಗೋ. ನನಗೂ ಹಾಗೇ. ಉಂಡದ್ದು ಒಳಗೆ ನಿಲ್ಲುವುದಿಲ್ಲ, ಕಾಲು ನಡುಗುತ್ತದೆ. ನನ್ನ ಕುಪ್ಪಸಗಳನ್ನೂ ದರ್ಜಿಯ ಹತ್ತಿರ ಕೊಟ್ಟಿದ್ದೇನೆ. ಒಬ್ಬರೇ ಡಾಕ್ಟರು, ಒಂದೇ ಕತ್ತರಿ, ಬೇರೆ ಹೇಗಾದೀತು? ಕಾನ್ವೆಂಟಿನ ಸಿಸ್ಟರ್ ಮರಿಯಾ ನನ್ನನ್ನು ಬೊಂಬಾಯಿಗೆ ಕಳಿಸಿದ್ದು ಮೊಣಕಾಲಿಗಾಗಿ ಎಂದು ನಿನಗೆ ಗೊತ್ತು. ಈ ಮೈ ಹೊತ್ತು ಒಲೆ ಮುಂದೆ ನಿಲ್ಲಲಾಗದಿದ್ದರೆ ಅಡಿಗೆಗೆ ಬೇರೆಯವರನ್ನು ಇಟ್ಟುಕೊಳ್ಳುತ್ತಾರೆ, ನಾನು ಊರಿಗೆ ಹೋಗಿ ಅಣ್ಣನ ಹೆಂಡತಿಯ ಕೈ ನೋಡುತ್ತ ಕೂರಬೇಕು. ಅದೆಲ್ಲ ಈಗ ತಪ್ಪುತ್ತದೆ ಎಂದುಕೊಂಡಿದ್ದೇನೆ.

ಎಳನೀರು ಕುಡಿ. ಮೊಟ್ಟೆ ತಿನ್ನು. ಹಳಿಯಾಳದ ಹುಡುಗಿಯ ಹೆಸರು ಕೇಳಬೇಡ, ಕೇಳಿದರೆ ಮನಸ್ಸಿಗೆ ಮುಖವೂ ಕಾಣುತ್ತದೆ.

ನಿನ್ನ ಅಗ್ನೆಸ್


ದಾಂಡೇಲಿ
ತಾ. 20-5-1980

ಅಗ್ನೆಸಕ್ಕನಿಗೆ ಸಲಾಮು.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. "ನನಗೂ ಹಾಗೇ" ಎಂಬ ಮಾತನ್ನು ಶೌಕತರಿಗೂ ಓದಿ ತೋರಿಸಿದೆ. ಅವರು ನಾಟಾ ಮರ ತುಂಬಿದ ಲಾರಿ ತೆಗೆದುಕೊಂಡು ಅನಮೋಡ ಘಾಟು ದಾಟಿ ಗೋವೆಗೆ ಹೋಗುತ್ತಾರೆ. ತಿರುಗಿ ಬರುವುದರೊಳಗೆ ನಾನು ಮತ್ತಷ್ಟು ಇಳಿದಿರುತ್ತೇನಂತೆ. ಮೊದಲು ನಗುತ್ತಿದ್ದರು, ಈಗ ನನ್ನ ಕೈ ಹಿಡಿದು ಬಳೆ ಮೊಣಕೈವರೆಗೆ ಜಾರಿಸಿ ನೋಡುತ್ತಾರೆ.

ಕೂದಲು ಉದುರುತ್ತಿದೆ ಅಕ್ಕಾ. ಬಾಚಿದರೆ ಹಣಿಗೆ ತುಂಬುತ್ತದೆ. ಬೆಳಿಗ್ಗೆ ಎದ್ದರೆ ವಾಂತಿ. ಮುಟ್ಟು ಕೂಡ ನಿಂತಿದೆ. ಬಸಿರು ಎಂದುಕೊಳ್ಳಲು ಆಸೆಯಾಗುತ್ತದೆ, ಹೆದರಿಕೆಯೂ ಆಗುತ್ತದೆ, ಅದಕ್ಕೆ ಯಾರಿಗೂ ಹೇಳಿಲ್ಲ. ಓಣಿಯ ಹೆಂಗಸರು ಮಾತ್ರ "ಏನ ಚಂದ ಆಗೀಯವಾ, ಏನ ತಿಂತೀ?" ಎಂದು ಕೇಳುತ್ತಾರೆ. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಚಂದ ಅಂದಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದು ಡಾಕ್ಟರು ಹೇಳಿದ್ದರು. ಶೌಕತ ಹೋಗೋಣ ಎನ್ನುತ್ತಾರೆ. ಎರಡನೇ ಸಲ ಬೊಂಬಾಯಿ ಎಂದರೆ ಅತ್ತೆಗೆ ಏನು ಹೇಳಲಿ? ನೀವು ಹೋಗಿಬಂದಿರಾ? ನೀವು ಹೋಗದಿದ್ದರೆ ನಾನೂ ಹೋಗುವುದಿಲ್ಲ.

ನಸೀರಾ


ಮುಂಡಗೋಡ
ತಾ. 2-6-1980

ನಸೀರಾ,

ಹೋಗಿಲ್ಲ, ಹೋಗುವುದೂ ಇಲ್ಲ. ಮಳೆಗಾಲ ಬಂತು, ಬೋರ್ಡಿಂಗಿಗೆ ಹುಡುಗಿಯರು ತಿರುಗಿ ಬಂದರು, ನನಗೆ ಬಿಡುವಿಲ್ಲ. ಚೆನ್ನಾಗಿರುವವರು ಡಾಕ್ಟರ ಹತ್ತಿರ ಯಾಕೆ ಹೋಗಬೇಕು? ಹೋದರೆ ಅವರು ಮಾಡುವುದಾದರೂ ಏನು, ತೂಕದ ಯಂತ್ರದ ಮೇಲೆ ಹತ್ತಿಸುತ್ತಾರೆ ಅಷ್ಟೆ.

ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ. ನನ್ನದೂ ಉದುರುತ್ತಿದೆ. ನಮ್ಮ ಸಿದ್ದಿಯರ ಕೂದಲು ಉದುರಿದರೂ ಗುಂಗುರಿನಲ್ಲೇ ಸಿಕ್ಕಿಕೊಂಡಿರುತ್ತದೆ, ಅದೊಂದು ಅನುಕೂಲ. ವಾಂತಿಯೂ ಇದೆ. ಮೈ ಇಳಿಯುವಾಗ ಇವೆಲ್ಲ ಆಗುತ್ತವೆ, ಆಮೇಲೆ ಸರಿಹೋಗುತ್ತದೆ. ಮುಟ್ಟಿನ ಮಾತು ನನ್ನ ವಯಸ್ಸಿನವಳನ್ನು ಕೇಳಬೇಡ.

ನಿನ್ನನ್ನು ಚಂದ ಅಂದವರ ಮಾತು ಓದಿ ಸಂತೋಷವಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಅಗ್ನೆಸ್


ದಾಂಡೇಲಿ
ತಾ. 28-7-1980

ಅಕ್ಕಾ,

ಇದು ಸಂತೋಷದ ಕಾಗದ.

ರಮಜಾನ್ ನಡೆದಿದೆ. ಮೊದಲ ಎರಡು ದಿನ ರೋಜಾ ಹಿಡಿದೆ. ಮೂರನೇ ದಿನ ಮಧ್ಯಾಹ್ನ ನೀರಿನ ಕೊಡದ ಹತ್ತಿರವೇ ಬಿದ್ದೆ. ಆಮೇಲೆ ಬಿಟ್ಟೆ. ನಮ್ಮಲ್ಲಿ ರೋಜಾ ಬಿಟ್ಟ ಹೆಂಗಸನ್ನು ಯಾಕೆಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮುಟ್ಟಿನವಳು ಕೆಲವು ದಿನ ಬಿಟ್ಟು ಮತ್ತೆ ಹಿಡಿಯುತ್ತಾಳೆ. ಸೊಸೆಯಾದವಳು ಮತ್ತೆ ಹಿಡಿಯದಿದ್ದರೆ ಮನೆಯವರು ತಮ್ಮಷ್ಟಕ್ಕೇ ತಿಳಿದುಕೊಳ್ಳುತ್ತಾರೆ. ಕಾಯಿಲೆಯವರಿಗೂ ಬಿಡುವ ಅಪ್ಪಣೆ ಇದೆ, ಆದರೆ ಯಾವ ಕಾಯಿಲೆ ಎಂದು ನಾನು ಹೇಳುವ ಹಾಗಿಲ್ಲವಲ್ಲ.

ಹತ್ತನೇ ರೋಜಾದ ದಿನ ಮಧ್ಯಾಹ್ನ ಅತ್ತೆ ಒಳಕೋಣೆಗೆ ಬಂದರು. ಪರದೆ ಎಳೆದರು. ಒಂದು ತಟ್ಟೆಯಲ್ಲಿ ಅನ್ನ, ದಾಲು, ಒಂದು ಹುರಿದ ಮೀನು ಇಟ್ಟು ಹೋದರು. ತಾವು ಉಪವಾಸವಿದ್ದು ನನಗೆ ಮಾಡಿದ್ದರು. ಆರು ವರ್ಷದಲ್ಲಿ ಅವರ ಕೈಯಿಂದ ನಾನು ಉಂಡದ್ದು ಅದೇ ಮೊದಲು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಅಳುತ್ತ ಉಂಡೆ. ಆಮೇಲೆ ನನಗೂ ಅನ್ನಿಸಿತು, ಮುಟ್ಟು ನಿಂತಿದೆ, ವಾಂತಿ ಇದೆ, ಇನ್ನೇನು ಬೇಕು? ಈಗ ಹೊಟ್ಟೆಯೂ ಕಾಣುತ್ತಿದೆ. ಕೈ ಕಾಲು ಕಡ್ಡಿಯಾಗಿವೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಇಷ್ಟು ಬೇಗ ಇಷ್ಟು ದೊಡ್ಡದು ಎಂದರೆ ಅವಳಿ ಇರಬೇಕು ಅನ್ನುತ್ತಾರೆ. ಸೂಲಗಿತ್ತಿ ಈರಕ್ಕ ಬಂದು ಹೊಟ್ಟೆ ಮುಟ್ಟಿ ನೋಡಿದಳು. "ನೀರ ಭಾಳ ಐತಿ ನೋಡ್ರಿ. ಕೂಸು ನೀರಾಗ ಮುಳುಗಿ ಕುಂತೈತಿ, ಕೈಗೆ ಹತ್ತವಲ್ದು" ಎಂದಳು. ಮೈ, ಕಣ್ಣು ಎಲ್ಲ ಹಳದಿಯಾಗಿವೆ. ಅತ್ತೆ ಅದನ್ನು ಬಸುರಿಯ ಕಳೆ ಎಂದು ದೃಷ್ಟಿ ತೆಗೆದರು.

ಹಳಿಯಾಳದವರಿಗೆ ಹುಡುಗಿ ಬೇಡವೆಂದು ಹೇಳಿ ಕಳಿಸಿದ್ದಾರೆ ಅಕ್ಕಾ.

ನಸೀರಾ


ಮುಂಡಗೋಡ
ತಾ. 20-8-1980

ನಸೀರಾ,

ನಿನ್ನ ಕಾಗದ ಬಂದು ಎರಡು ವಾರದ ಮೇಲಾಯಿತು. ಓದಿ ಮಡಿಸಿ ಇಟ್ಟಿದ್ದೆ. ಸಂತೋಷವಾಯಿತು ಎಂದು ಬರೆಯಲು ಮನಸ್ಸು ಏಳಲಿಲ್ಲ. ಯಾಕೆ ಎಂದು ಈಗ ಹೇಳುತ್ತೇನೆ, ಬೈದರೆ ಬೈ, ಆದರೆ ಕೊನೆಯವರೆಗೆ ಓದು.

ನನಗೆ ಯಾವುದೂ ಆಗಿಲ್ಲ. ಕೂದಲು ಉದುರಿಲ್ಲ, ವಾಂತಿಯಿಲ್ಲ, ದರ್ಜಿಗೆ ನಾನು ಒಂದು ಕುಪ್ಪಸವನ್ನೂ ಕೊಟ್ಟಿಲ್ಲ. ಆಪರೇಷನ್ ಆದ ಮೇಲೆ ಸ್ವಲ್ಪ ಇಳಿದಿದ್ದೆ, ಬೇಸಿಗೆ ಶುರುವಾಗುವುದರೊಳಗೆ ಅದೆಲ್ಲ ತಿರುಗಿ ಬಂತು. ಮಾರ್ಚಿನಲ್ಲಿ ಸಿಸ್ಟರ್ ಮರಿಯಾ ಅಕ್ಕಿಚೀಲ ತೂಗುವ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸಿದರು, ಹುಡುಗಿಯರ ಎದುರಿಗೇ. "ಹೊಟ್ಟಿ ಕೊಯ್ಸಿಕೊಂಡಿ, ನಾಲಿಗಿ ಕೊಯ್ಸಿಕೊಳ್ಳಲಿಲ್ಲಲ್ಲ ಅಗ್ನೆಸ್" ಅಂದರು. ನಾನು ಗಂಜಿ ಕುಡಿಯುತ್ತಿದ್ದೆ ನಸೀರಾ, ಏಸುವಿನಾಣೆ ಬರೀ ಗಂಜಿ. ಆದರೂ ಉಗ್ರಾಣದ ಬೀಗದ ಕೈ ನನ್ನಿಂದ ಕಿತ್ತುಕೊಂಡರು. ಅದೇ ವಾರ ನಿನ್ನ ಕಾಗದ ಬಂತು, ಕುಪ್ಪಸಗಳು ಸಡಿಲವಾಗಿವೆ ಎಂದು. ನನ್ನವೂ ಸಡಿಲವಾಗಿವೆ ಎಂದು ಬರೆದೆ. ಬರೆಯುವಾಗ ಒಂದು ಗಳಿಗೆ ನಿಜವಾಗಿಯೂ ತೆಳ್ಳಗಾದ ಹಾಗೆ ಅನ್ನಿಸಿತು. ನಿನಗೆ ಏನೇನು ಆಯಿತೋ ಅದೆಲ್ಲವನ್ನೂ ನನಗೂ ಆಯಿತೆಂದು ಬರೆದೆ.

ಹೋದ ವಾರ ಮೊಣಕಾಲು ಪೂರ್ತಿ ಕೈಕೊಟ್ಟಿತು, ಸಿಸ್ಟರ್ ಬೈಯುತ್ತಲೇ ಬೊಂಬಾಯಿಗೆ ಕಳಿಸಿದರು. ಡಾಕ್ಟರು ನನ್ನ ಮೇಲೆ ಸಿಟ್ಟಾಗಲಿಲ್ಲ. ಒಬ್ಬೊಬ್ಬರ ಕರುಳು ಒಂದೊಂದು ಥರವಂತೆ. ನನ್ನ ತುಂಡು ಕರುಳು ಇಡೀ ಕರುಳಿನ ಕೆಲಸ ಕಲಿತುಕೊಂಡುಬಿಟ್ಟಿದೆಯಂತೆ, ತಪ್ಪು ನಿನ್ನದಲ್ಲ ಅಂದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತಾರಲ್ಲ, ನನ್ನ ಕರುಳು ಆ ಎಡವಟ್ಟ. ಇನ್ನು ಕೆಲವರಿಗೆ ಇದೇ ಆಪರೇಷನ್ನಿನಿಂದ ಪಿತ್ತಕೋಶ, ಯಕೃತ್ತು ಕೆಡುತ್ತದಂತೆ. ನಮ್ಮ ಸಾಲಿನ ಕೊನೆಯ ಮಂಚದಲ್ಲಿದ್ದ ಕುಸುಮತಾಯಿ ನೆನಪಿದ್ದಾಳಲ್ಲ, ನಮಗೆ ಚಕ್ಕುಲಿ ತೋರಿಸಿ ಆಸೆ ಹುಟ್ಟಿಸುತ್ತಿದ್ದವಳು. ಅವಳು ಜೂನಿನಲ್ಲಿ ತೀರಿಕೊಂಡಳು. ಮೈ ಕಡ್ಡಿಯಾಗಿ, ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ.

ಡಾಕ್ಟರಿಗೆ ನಿನ್ನ ಕಾಗದದಲ್ಲಿ ಇದ್ದದ್ದನ್ನು ಹೇಳಿದೆ. ಕೂಡಲೇ ಕರೆತನ್ನಿ ಅಂದರು. ಬೇಗ ಬಂದರೆ ಕರುಳನ್ನು ಮೊದಲಿನಂತೆ ಜೋಡಿಸಬಹುದು, ಬದುಕುತ್ತಾಳೆ ಅಂದರು. ಅದು ಕೂಸಲ್ಲ ತಂಗಿ. ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಹ್ಞೂಂ ಎಂದು ಒಂದು ಸಾಲು ಬರೆ.

ಅಗ್ನೆಸ್


ದಾಂಡೇಲಿ
ತಾ. 5-9-1980

ಅಗ್ನೆಸ್ ಬಾಯಿಯವರಿಗೆ,

ಯಾವುದು ಸುಳ್ಳು, ಮೊದಲಿನದೋ ಈಗಿನದೋ? ಮೊದಲು ನಿಮಗೂ ಎಲ್ಲ ಆಗಿತ್ತು. ನನಗೆ ಬಸಿರು ನಿಂತಿತು ಎಂದು ಬರೆದ ಕೂಡಲೇ ನಿಮಗೆ ಯಾವುದೂ ಆಗಿರಲಿಲ್ಲ. ಹೊಟ್ಟೆಯುರಿ ಎಂದು ನೀವೇ ಬರೆದಿದ್ದೀರಿ, ಜೂನ್ ತಿಂಗಳ ಕಾಗದ ನನ್ನ ಹತ್ತಿರ ಇದೆ.

ಹಡೆಯದವರ ಕಣ್ಣು ಬಸುರಿಯ ಮೇಲೆ ಬೀಳಬಾರದೆಂದು ಅತ್ತೆ ಹೇಳುತ್ತಿದ್ದರು. ನಾನೇ ಆರು ವರ್ಷ ಅಂಥ ಕಣ್ಣಿನವಳು ಅನ್ನಿಸಿಕೊಂಡಿದ್ದೇನೆ, ಆ ಮಾತನ್ನು ಯಾರಿಗೂ ಹೇಳಬಾರದು ಎಂದುಕೊಂಡಿದ್ದೆ. ಇವತ್ತು ನಿಮಗೆ ಹೇಳುತ್ತಿದ್ದೇನೆ.

ಇಲ್ಲಿಗೆ ಬರಬೇಡಿ. ಬಂದರೆ ಆಪರೇಷನ್ ವಿಷಯ ಅತ್ತೆಗೆ ತಿಳಿಯುತ್ತದೆ, ನನ್ನ ಮನೆ ಮುರಿಯುತ್ತದೆ. ನಿಮಗೆ ಖುರಾನಿನ ಆಣೆ, ಏಸುವಿನ ಆಣೆ, ಯಾವುದು ನಡೆಯುತ್ತದೋ ಅದರ ಆಣೆ.

ನಸೀರಾ

ಕುಸುಮತಾಯಿಗೆ ಮುಟ್ಟು ನಿಂತಿತ್ತೇ? ಡಾಕ್ಟರನ್ನು ಕೇಳಿದ್ದಿರಾ?


ಮುಂಡಗೋಡ
ತಾ. 10-9-1980

ನಸೀರಾ,

ಕೇಳಿರಲಿಲ್ಲ. ನಿಂತಿರಬೇಕು. ಊಟ ಮೈಗೆ ಹತ್ತದಿದ್ದರೆ ನಿಲ್ಲುತ್ತದೆ ಎಂದು ಇಲ್ಲಿಯ ನರ್ಸು ಹೇಳಿದಳು.

ಬೈದದ್ದು ಸರಿ. ಸುಳ್ಳು ಹೇಳಿದವಳು ನಿಜ ಹೇಳಿದರೆ ಯಾರು ನಂಬುತ್ತಾರೆ? ನನ್ನನ್ನು ನಂಬಬೇಡ, ಬೊಂಬಾಯಿಗೂ ಬರಬೇಡ. ಹುಬ್ಬಳ್ಳಿಗೆ ಹೋಗಿ ಅದೇ ಡಾಕ್ಟರಮ್ಮನಿಗೆ ತೋರಿಸು. ಕೂಸಿದ್ದರೆ ಕೂಸು ಎನ್ನುತ್ತಾರೆ, ನಾನು ನಿನ್ನ ಮನೆಬಾಗಿಲಿಗೆ ಬಂದು ಮೂಗು ತಿಕ್ಕುತ್ತೇನೆ. ಈ ಕಾಗದವನ್ನು ಶೌಕತರಿಗೆ ತೋರಿಸು.

ಅಗ್ನೆಸ್


ಮುಂಡಗೋಡ
ತಾ. 6-10-1980

ನಸೀರಾ,

ಉತ್ತರವಿಲ್ಲ. ನಿನ್ನೆ ಬಸ್ ಸ್ಟ್ಯಾಂಡಿಗೆ ಹೋಗಿ ಹಳಿಯಾಳದ ಬಸ್ಸಿನ ಹತ್ತಿರ ನಿಂತಿದ್ದೆ. ಅಲ್ಲಿಂದ ದಾಂಡೇಲಿ ಎಷ್ಟು ದೂರ? ಕಂಡಕ್ಟರ್ ಸೋಮಪ್ಪ "ಹತ್ರಿ ಬಾಯಿ, ಜಾಗಾ ಐತಿ" ಅಂದ. ಹತ್ತಲಿಲ್ಲ. ನೀನು ಆಣೆ ಹಾಕಿದ್ದೀಯೆ ಎಂದು ನನಗೆ ನಾನೇ ಹೇಳಿಕೊಂಡೆ. ಅದಲ್ಲ ಕಾರಣ. ಈ ಮೈಯನ್ನು ಎತ್ತಿಕೊಂಡು ನಿನ್ನ ಎದುರು ಬಂದು ನಿಲ್ಲಲು ನಾಚಿಕೆಯಾಯಿತು. ಶೌಕತರಿಗೆ ಬರೆಯಲು ಕುಳಿತೆ, ನಾಲ್ಕು ಸಾಲಾಯಿತು, ಹರಿದೆ. ಸುಳ್ಳುಗಾತಿ ಎಂದು ಅವರಿಗೂ ತಿಳಿಯುತ್ತದಲ್ಲ ಎಂದು.

ಚೆನ್ನಾಗಿದ್ದೇನೆ ಎಂದು ಒಂದು ಕಾರ್ಡು ಹಾಕು. ಜಗಳಕ್ಕಾದರೂ ಹಾಕು.

ಅಗ್ನೆಸ್


ದಾಂಡೇಲಿ
ತಾ. 15-11-1980

ಅಗ್ನೆಸ್ ಬಾಯಿಯವರಿಗೆ ಶೌಕತನ ಸಲಾಮು.

ನಾನು ಲಾರಿ ಓಡಿಸುವವನು, ಕಾಗದ ಬರೆದು ರೂಢಿಯಿಲ್ಲ. ತಪ್ಪಿದ್ದರೆ ಕ್ಷಮಿಸಬೇಕು. ನಸೀರಾ ತೀರಿಕೊಂಡಳು. ಬಕ್ರೀದ್ ಮುಗಿದ ಮೇಲೆ ಅವಳಿಗೆ ಎಚ್ಚರ ತಪ್ಪತೊಡಗಿತು. ಅಡ್ಡಾದಿಡ್ಡಿ ಮಾತಾಡುತ್ತಿದ್ದಳು. ಹೆರಿಗೆಗೆ ಇನ್ನೂ ಹೊತ್ತಿದೆ ಎಂದು ತಾಯಿ ಹೇಳಿದರು, ನಾನು ಕೇಳದೆ ಜೀಪು ಮಾಡಿಕೊಂಡು ಹುಬ್ಬಳ್ಳಿಗೆ ಒಯ್ದೆ. ಅಲ್ಲಿ ಹೊಟ್ಟೆಯಿಂದ ನೀರು ತೆಗೆದರು. ಬಕೆಟ್ಟು ತುಂಬಿತು. ಹೊಟ್ಟೆ ಬೆನ್ನಿಗೆ ಹತ್ತಿತು. ನನ್ನ ತಾಯಿ ಹಾಸಿಗೆ, ಕೆಳಗೆ, ಎಲ್ಲ ಕಡೆ ನೋಡಿ "ಕೂಸು ಎಲ್ಲೈತ್ರಿ?" ಎಂದು ಡಾಕ್ಟರನ್ನು ಕೇಳಿದರು. ಕೂಸು ಇರಲೇ ಇಲ್ಲ. ಎರಡು ದಿನಕ್ಕೆ ಹೋದಳು. ದಾಂಡೇಲಿಗೆ ತಂದು ಮಣ್ಣು ಮಾಡಿದೆವು.

ಆಪರೇಷನ್ ವಿಷಯ ತಾಯಿಗೆ ಅಲ್ಲಿಯೇ ತಿಳಿಯಿತು. ನನ್ನ ಹತ್ತಿರ ಮಾತಾಡುತ್ತಿಲ್ಲ. ನಸೀರಾಳ ತಟ್ಟೆಯನ್ನು ತೊಳೆದು ಎದುರಿಗಿಟ್ಟುಕೊಂಡು ಕೂರುತ್ತಾರೆ.

ಒಂದು ಮಾತು ಕೇಳಬೇಕಿತ್ತು. ಹುಬ್ಬಳ್ಳಿಯ ಡಾಕ್ಟರು ನನ್ನನ್ನು ಬೈದರು, ಕಣ್ಣು ಹಳದಿಯಾದಾಗಲೇ ಯಾಕೆ ತರಲಿಲ್ಲ, ಮೂರು ತಿಂಗಳಿಗೆ ಬೊಂಬಾಯಿಗೆ ಯಾಕೆ ಒಯ್ಯಲಿಲ್ಲ ಎಂದು. ನಾನು ಹೋಗೋಣ ಅಂದಾಗಲೆಲ್ಲ ಅವಳು ತಲೆದಿಂಬಿನ ಕೆಳಗಿಂದ ನಿಮ್ಮ ಎರಡು ಕಾಗದ ತೆಗೆದು ಓದುತ್ತಿದ್ದಳು, ಮಾರ್ಚಿನದು ಮತ್ತು ಜೂನಿನದು. ಅಗ್ನೆಸಕ್ಕನಿಗೂ ಹೀಗೇ ಆಗಿ ಸರಿಹೋಗಿದೆ ಅನ್ನುತ್ತಿದ್ದಳು. ಆ ಎರಡೇ ಸಿಕ್ಕವು. ಆಮೇಲೆ ನೀವು ಬರೆದಿರೋ ಇಲ್ಲವೋ, ಅವಳು ಯಾವುದೋ ಕಾಗದವನ್ನು ಒಲೆಗೆ ಹಾಕಿದ್ದನ್ನು ನೋಡಿದ್ದಾಗಿ ತಾಯಿ ಮೊದಲೊಮ್ಮೆ ಅಂದಿದ್ದರು. ಹಾಗಾಗಿ ನಾನು ಡಾಕ್ಟರಿಗೆ ಹೇಳಿದೆ, ಅದೇ ದಿನ ಅದೇ ಆಪರೇಷನ್ ಆದ ಇನ್ನೊಬ್ಬರಿಗೂ ಎಲ್ಲ ಹೀಗೇ ಆಗಿತ್ತು, ಅವರು ತೆಳ್ಳಗಾಗಿ ಆರಾಮಾಗಿದ್ದಾರೆ ಎಂದು. ಅವರು ನಂಬಲಿಲ್ಲ.

ನೀವು ಏನು ತಿಂದಿರಿ ಬಾಯಿ? ಏನು ಔಷಧ ತೆಗೆದುಕೊಂಡಿರಿ? ನಾವು ಯಾವುದನ್ನು ಕೊಡಲಿಲ್ಲ? ಇನ್ನು ತಿಳಿದು ಪ್ರಯೋಜನವಿಲ್ಲ. ಆದರೂ ಗಾಡಿ ಓಡಿಸುವಾಗ ಅದೇ ತಲೆಯಲ್ಲಿ ತಿರುಗುತ್ತದೆ, ನಾನು ಎಲ್ಲಿ ತಪ್ಪಿದೆ ಎಂದು. ದಯಮಾಡಿ ತಿಳಿಸಬೇಕು.

ಶೌಕತ


ಮುಂಡಗೋಡ
ತಾ. 24-11-1980

ಶೌಕತಭಾಯಿ,

ನಿಮ್ಮ ಕಾಗದ ತಲುಪಿತು. ನೀವು ಎಲ್ಲಿಯೂ ತಪ್ಪಲಿಲ್ಲ. ಇದನ್ನು ಮೊದಲು ಓದಿ, ಎರಡು ಸಲ ಓದಿ.

ಏನು ತಿಂದೆ, ಏನು ಔಷಧ ತೆಗೆದುಕೊಂಡೆ ಎಂದು ಕೇಳಿದ್ದೀರಿ. ಉತ್ತರವನ್ನು ಕಾಗದದಲ್ಲಿ ಬರೆಯುವುದಿಲ್ಲ. ಕಾಗದದಲ್ಲಿ ನಾನು ಏನು ಬೇಕಾದರೂ ಬರೆಯಬಲ್ಲೆ. ಭಾನುವಾರ ಹಳಿಯಾಳದ ಮೇಲಿನಿಂದ ಬರುವ ಬಸ್ಸಿನಲ್ಲಿ ದಾಂಡೇಲಿಗೆ ಬರುತ್ತೇನೆ. ಸಿಸ್ಟರ್ ಹತ್ತಿರ ರಜೆ ಕೇಳಿದ್ದೇನೆ, ಕೊಡದಿದ್ದರೂ ಬರುತ್ತೇನೆ. ನಿಮ್ಮ ತಾಯಿಯವರೂ ಮನೆಯಲ್ಲಿರಲಿ. ಅವರು ನನ್ನನ್ನು ಏನೆಂದರೂ ನೀವು ನಡುವೆ ಬರಬಾರದು.

ಬಸ್ ಸ್ಟ್ಯಾಂಡಿನಲ್ಲಿ ತೆಳ್ಳಗಿನ ಹೆಂಗಸನ್ನು ಹುಡುಕಬೇಡಿ. ಬೊಂಬಾಯಿಯಲ್ಲಿ ನೀವು ನೋಡಿದಾಗ ಹೇಗಿದ್ದೆನೋ ಹಾಗೇ ಇದ್ದೇನೆ.

ಅಗ್ನೆಸ್